ಸಂಪಗಾಂವ ಸೀಮೆಯ ಮಳೆಯ ದಫ್ತರವೂ ಪ್ರವಾಹಗಣನೆಯ ಯಂತ್ರಸಮೂಹವೂ

ಬೈಲಹೊಂಗಲದ ಪೇಟೆಯಲ್ಲಿ ನಿಂತು ಸಂಪಗಾಂವ ತಾಲೂಕು ಎಲ್ಲಿರುವದೆಂದು ಕೇಳಿದರೆ, ಸಂಪಗಾಂವವೆಂಬ ಊರಿನ ದಾರಿಯನ್ನು ತೋರಿಸುವವರು ಬಹಳ; ತಾವು ನಿಂತ ನೆಲವೇ ಅದೆಂದು ಹೇಳುವವರು ವಿರಳ. ಆದರೆ 2011 ರ ಜನಗಣತಿಯ ಪಟ್ಟಿಗಳಲ್ಲಿ ಈ ತಾಲೂಕಿಗೆ ಸಂಪಗಾಂವವೆಂದೇ ಹೆಸರು. ನೆರೆಯ ಸವದತ್ತಿಯ ತಾಲೂಕು ಅಲ್ಲಿ ಪರಸಗಡ. ಕಿತ್ತೂರು ಆಗ ಬೈಲಹೊಂಗಲದೊಳಗೇ ಇದ್ದು ಈಚಿನ ವರ್ಷಗಳಲ್ಲಿ ಬೇರೆ ತಾಲೂಕಾಯಿತು. ರಾಮದುರ್ಗವು 1948 ರ ವರೆಗೆ ಸಂಸ್ಥಾನವಾಗಿದ್ದು, ಆ ವರ್ಷ ಮುಂಬಯಿ ಪ್ರಾಂತದಲ್ಲಿ ವಿಲೀನವಾದ ಮೇಲೆ ಬೆಳಗಾವಿ ಜಿಲ್ಹೆಯ ತಾಲೂಕಾಯಿತು. 1956 ರ ನವೆಂಬರ 1 ರಂದು ಚಂದಗಡವನ್ನುಳಿದು ಜಿಲ್ಹೆಯೆಲ್ಲವೂ ಮುಂಬಯಿಯನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿತು. ಇಂತು ಈ ಸೀಮೆಯ ಒಂದು ಹಳ್ಳಿಯ ಮೇಲೆ ಬಿದ್ದ ಮಳೆಯು ಎಲ್ಲಿ ಬಿದ್ದಿತೋ ಅಲ್ಲಿಯೇ ಬಿದ್ದರೂ, ಅದರ ಲೆಕ್ಕವು ಮಾತ್ರ ನಾಲ್ಕೈದು ಶೀರ್ಷಿಕೆಗಳ ಕೆಳಗೆ, ಎರಡು ರಾಜ್ಯಗಳ ದಫ್ತರಗಳಲ್ಲಿ ಚದರಿಹೋಗಿರುವದು.

ಈ ಸಂಗತಿಯಿಂದ ಪ್ರಾರಂಭಿಸಿದುದಕ್ಕೆ ಕಾರಣವುಂಟು. ನನ್ನ ಹತ್ತಿರ ಕೆಲವು ಕಾಲ ತರ್ಕಸಂಗ್ರಹವನ್ನೋದಿ, ಆಮೇಲೆ ಗಣಕವಿದ್ಯೆಯನ್ನು ಕಲಿತು, ಈಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಶಿಷ್ಯನೊಬ್ಬನು ಕಳೆದ ಶ್ರಾವಣದಲ್ಲಿ ಊರಿಗೆ ಬಂದಿದ್ದನು. ಎಡೆಬಿಡದೆ ಹರಿದು ಬರುವ ವೃತ್ತಾಂತಗಳನ್ನು, ಅವು ಬಂದಂತೆ ಬಂದಂತೆಯೇ, ಅನೇಕ ಗಣಕಯಂತ್ರಗಳ ಸಮೂಹದಿಂದ ಲೆಕ್ಕಕ್ಕೆ ತರುವದು ಅವನ ಕೆಲಸ. ಅದನ್ನು ಅವರು ಸ್ಟ್ರೀಮ್ ಪ್ರೊಸೆಸಿಂಗ್ ಎನ್ನುವರು. ಇಲ್ಲಿ ಪ್ರವಾಹಗಣನೆಯೆಂದು ಕರೆಯುವೆನು. ಆ ಸಮೂಹವು ಹೇಗೆ ವರ್ತಿಸತಕ್ಕದ್ದೆಂದು ವಿಧಿಸುವ ಪತ್ರವೊಂದುಂಟು. ಎಡಕ್ಕೆ ಒಂದು ಸಂಜ್ಞೆ, ಬಲಕ್ಕೆ ಒಂದು ಸಂಖ್ಯೆ, ಹೀಗೆ ಹಲವು ಹತ್ತು ಸಾಲುಗಳು. ಅದನ್ನು ವಿನ್ಯಾಸಪತ್ರವೆನ್ನೋಣ. ಅಲ್ಪಾಕ್ಷರವಾಗಿರುವದರಲ್ಲಿ ಅದು ಸೂತ್ರಗ್ರಂಥಗಳಿಗೆ ಸೋಲುವದಿಲ್ಲ. ಅದರಲ್ಲಿ ಒಂದು ಸಾಲು, ತಡವಾಗಿ ಬರುವ ವೃತ್ತಾಂತಕ್ಕಾಗಿ ಎಷ್ಟು ಹೊತ್ತು ಕಾಯಬೇಕೆಂಬುದನ್ನು ಹೇಳುತ್ತಿತ್ತು. ಆ ಸಂಖ್ಯೆಯನ್ನು ನಿರ್ಣಯಿಸಿದವರು ಯಾರೆಂದು ಕೇಳಿದೆನು. "ಯಾರೂ ಇಲ್ರಿ ಗುರುಗಳ, ಮಾದರಿ ಪತ್ರದಾಗ ಹಂಗ ಇತ್ತು, ಹಂಗ ಬಿಟ್ಟೇವ್ರಿ" ಎಂದನು.

ಸೂತ್ರಕ್ಕೆ ಭಾಷ್ಯವಿಲ್ಲದಿದ್ದರೆ ಸಹಿಸಬಹುದು. ಸೂತ್ರಕಾರನೇ ಇಲ್ಲವೆಂದರೆ ಹೇಗೆ? ಕಾಯುವ ಹೊತ್ತಿನ ಈ ಪ್ರಶ್ನೆಯು ಗಣಕಯಂತ್ರದೊಡನೆ ಹುಟ್ಟಿದುದಲ್ಲ. ನಮ್ಮ ಸೀಮೆಯ ಮಳೆಯ ದಫ್ತರದಲ್ಲಿ ಅದು ಮೊದಲಿನಿಂದಲೂ ಇತ್ತು. ಶಿಷ್ಯನ ಪ್ರತಿನಿತ್ಯದ ಉದ್ಯೋಗವು ಹಣದ ವರ್ಗಾವಣೆಗೆ ಸಂಬಂಧಿಸಿದ್ದು. ನನಗೆ ತಿಳಿಯಲೆಂದು ಅವನು ಮಳೆಯ ಉದಾಹರಣೆಯನ್ನು ತೆಗೆದುಕೊಂಡನು. ಆ ಉದಾಹರಣೆಯೇ ಈ ಲೇಖನದ ವಿಷಯವಾಗಿ ಬೆಳೆಯಿತು.

ಮಳೆಯನ್ನು ಪಾತ್ರೆಯಲ್ಲಿ ಹಿಡಿದು ಅಳೆಯುವದು ನಮ್ಮಲ್ಲಿ ಹಳೆಯ ಪದ್ಧತಿ. ಕೋಷ್ಠಾಗಾರದಲ್ಲಿ ಒಂದು ಅರತ್ನಿ ಬಾಯುಳ್ಳ ಕುಂಡವನ್ನು ಮಳೆಯ ಅಳತೆಗಾಗಿ ಇಡಬೇಕೆಂದು ಕೌಟಿಲ್ಯನು ವಿಧಿಸಿರುವನು. ಸೀತಾಧ್ಯಕ್ಷಪ್ರಕರಣದಲ್ಲಿ ಯಾವ ದೇಶಕ್ಕೆ ಎಷ್ಟು ದ್ರೋಣ ಮಳೆಯೆಂಬ ಲೆಕ್ಕವೂ ಇದೆ. ಆ ಗ್ರಂಥದ ತಾಳೆಯ ಓಲೆಯ ಪ್ರತಿಯನ್ನು ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ ಗುರುತಿಸಿ 1909 ರಲ್ಲಿ ಮುದ್ರಿಸಿದವರು ಆರ್. ಶಾಮಶಾಸ್ತ್ರಿಗಳೆಂಬುದು ವಾಚಕರಿಗೆ ಸುವಿದಿತವೇ ಇದೆ. ವರಾಹಮಿಹಿರನ ಬೃಹತ್ಸಂಹಿತೆಯೂ ಒಂದು ಹಸ್ತ ಅಗಲದ ಪಾತ್ರೆಯಿಂದ ಆಢಕ-ದ್ರೋಣಗಳನ್ನು ಎಣಿಸುವ ಕ್ರಮವನ್ನು ತಿಳಿಸುವದು. ಆದರೆ ಈ ಇಬ್ಬರೂ ಪಾತ್ರೆಯನ್ನು ಹೇಳಿದರು; ಅನೇಕ ಪಾತ್ರೆಗಳ ಅಂಕಗಳು ಒಂದೆಡೆಗೆ ಯಾವಾಗ, ಯಾವ ಕ್ರಮದಲ್ಲಿ ಬಂದು ಕೂಡಬೇಕೆಂಬುದನ್ನು ಹೇಳಲಿಲ್ಲ. ಪ್ರಕೃತ ವಿಚಾರವು ಅಲ್ಲಿಂದಲೇ ಮೊದಲಾಗುವದು.

ಭಾರತದ ಹವಾಮಾನ ಇಲಾಖೆಯು 1875 ರಲ್ಲಿ ಸ್ಥಾಪಿತವಾಯಿತು. ಅದರ ಮೊದಲನೆಯ ಮುಖ್ಯಾಧಿಕಾರಿ ಹೆನ್ರಿ ಬ್ಲಾನ್‌ಫರ್ಡ್. ಬೆಳಗಾವಿಯನ್ನು ಕುರಿತ ಮುಂಬಯಿ ಗ್ಯಾಝೆಟಿಯರದ 21 ನೆಯ ಸಂಪುಟವು 1884 ರಲ್ಲಿ ಹೊರಬಂದಿತು. ಆ ಕಾಲದ ಕ್ರಮವು ಸರಳವಾದುದು. ಕಚೇರಿಯ ಆವರಣದಲ್ಲಿ ಐದು ಇಂಚು ಅಗಲ ಬಾಯಿಯ ಸೈಮನ್ಸ್ ಮಾಪಕ. ಮುಂಜಾನೆ ನಿಯತಕಾಲಕ್ಕೆ ಕಾರಕೂನನು ಗಾಜಿನ ಅಳತೆಪಾತ್ರೆಗೆ ನೀರನ್ನು ಸುರಿದು ಅಂಕವನ್ನು ಬರೆಯುವನು. ಆ ಅಂಕವು ಟಪಾಲಿನಲ್ಲಿ, ಅವಸರವಿದ್ದರೆ ತಂತಿಯಲ್ಲಿ, ತಾಲೂಕಿನಿಂದ ಜಿಲ್ಹೆಗೆ, ಜಿಲ್ಹೆಯಿಂದ ಮೇಲಕ್ಕೆ ಹೋಗುವದು. ಮಳೆಗಾಲದಲ್ಲಿ ಹಳ್ಳಕೊಳ್ಳಗಳು ತುಂಬಿದರೆ ಟಪಾಲು ನಿಲ್ಲುವದು. ಮಳೆ ಎಲ್ಲಿ ಅತಿಯಾಯಿತೋ ಅಲ್ಲಿಯ ಸುದ್ದಿಯೇ ಎಲ್ಲಕ್ಕಿಂತ ತಡವಾಗುವದು. ಈ ವೈಪರೀತ್ಯವನ್ನು ವಾಚಕರು ನೆನಪಿನಲ್ಲಿಡಬೇಕು. ತಂತಿ ಹೋಗಿ ನಿಸ್ತಂತು ಬಂದರೂ ಅದು ಹೋಗಿಲ್ಲ.

ದಿನವೆಂದರೇನೆಂಬುದರಲ್ಲಿಯೂ ಒಂದು ಸೂಕ್ಷ್ಮವಿದೆ. ಹವಾಮಾನ ಇಲಾಖೆಯ ಮಳೆದಿನವು ಮುಂಜಾನೆ 8-30 ರಿಂದ ಮರುದಿನ ಮುಂಜಾನೆ 8-30 ರ ವರೆಗೆ. ಆ ಅವಧಿಯ ಮಳೆಯನ್ನು ಅವಧಿಯು ಮುಗಿದ ತಾರೀಖಿಗೆ ಬರೆಯುವರು. ಹಾಗಾದರೆ 5 ನೆಯ ತಾರೀಖಿನ ಸಂಜೆ ಬಿದ್ದ ಮಳೆಯು ದಫ್ತರದಲ್ಲಿ 6 ನೆಯ ತಾರೀಖಿನದು. ಇಂಗ್ಲಿಷರ ನಡುರಾತ್ರಿಯ ದಿನಕ್ಕಿಂತ, ಸೂರ್ಯೋದಯದಿಂದ ಸೂರ್ಯೋದಯಕ್ಕೆ ಎಣಿಸುವ ನಮ್ಮ ಸಾವನದಿನಕ್ಕೇ ಇದು ಸಮೀಪವೆಂಬುದನ್ನು ಜ್ಯೋತಿಷಿಗಳು ಸಂತೋಷದಿಂದ ಗಮನಿಸುವರು. ಇದಲ್ಲದೆ ಗಡಿಯಾರದ ತೊಡಕೂ ಇತ್ತು. ಭಾರತಕ್ಕೆಲ್ಲ ಒಂದೇ ಕಾಲವು ಗೊತ್ತಾದುದು 1906 ರಲ್ಲಿ. ಮುಂಬಯಿ ಪಟ್ಟಣವು ತನ್ನ ಕಾಲವನ್ನು 1955 ರ ವರೆಗೆ ಬಿಡಲಿಲ್ಲ. ಹಳೆಯ ಅಂಕದ ಪಕ್ಕದಲ್ಲಿ ಎಂಟು ಗಂಟೆಯೆಂದು ಬರೆದಿದ್ದರೆ ಅದು ಯಾರ ಎಂಟು ಗಂಟೆಯೆಂದು ಕೇಳದೆ ಮುಂದೆ ಹೋಗಬಾರದು. ಇಂದಿನ ಗಣಕಯಂತ್ರಗಳೂ ಸಾಮಾನ್ಯವಾಗಿ ಗ್ರೀನ್‌ವಿಚ್ ಕಾಲವನ್ನು ಅವಲಂಬಿಸುವವು. ಅವುಗಳ ಪಾಲಿಗೆ ನಮ್ಮ 8-30 ಎಂದರೆ 3 ಗಂಟೆ. ದಿನದ ಲೆಕ್ಕವನ್ನು 3 ಗಂಟೆಯಿಂದ ಪ್ರಾರಂಭಿಸಬೇಕೆಂದು ವಿನ್ಯಾಸಪತ್ರದಲ್ಲಿ ವಿಧಿಸದಿದ್ದರೆ, ಯಂತ್ರವು ತಾನೇ ಗ್ರೀನ್‌ವಿಚ್ಚಿನ ನಡುರಾತ್ರಿಗೆ, ಅಂದರೆ ನಮ್ಮ ನಸುಕಿನ 5-30 ಕ್ಕೆ ದಿನವನ್ನು ಕತ್ತರಿಸುವದು. ಅಂಕಗಳೆಲ್ಲ ಸರಿ, ಮೊತ್ತ ಮಾತ್ರ ತಪ್ಪು. ಇಂಥ ತಪ್ಪು ಕಣ್ಣಿಗೆ ಬೀಳುವದು ಬಹು ಕಷ್ಟ.

ಕರ್ನಾಟಕ ಸರಕಾರವು 1988 ರಲ್ಲಿ ಬರಗಾಲದ ಉಸ್ತುವಾರಿಗಾಗಿ ಒಂದು ಘಟಕವನ್ನು ಏರ್ಪಡಿಸಿತು. ಅದೇ ಮುಂದೆ ಬೆಂಗಳೂರಿನ ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಯಿತು. ಈ ಕೇಂದ್ರವು ಗ್ರಾಮಪಂಚಾಯತಿಗೊಂದರಂತೆ ಆರು ಸಾವಿರಕ್ಕೂ ಮಿಕ್ಕಿ ಮಳೆಮಾಪಕಗಳನ್ನು ನೆಡಿಸಿರುವದು. ಬಿಸಿಲಿನಿಂದ ಶಕ್ತಿಯನ್ನು ಪಡೆದು, ಮೊಬಾಯಿಲಿನ ಜಾಲದ ಮೂಲಕ 15 ನಿಮಿಷಕ್ಕೊಮ್ಮೆ ತಮ್ಮ ಅಂಕವನ್ನು ತಾವೇ ಕಳಿಸುವವು ಇವು. ಮೊದಲು ತಾಲೂಕಿಗೆ ದಿನಕ್ಕೊಂದು ಅಂಕ. ಈಗ ಪಂಚಾಯತಿಗೆ ದಿನಕ್ಕೆ 96. ಆರು ಸಾವಿರ ಮಾಪಕಗಳೆಂದು ಹಿಡಿದರೂ ದಿನವೊಂದಕ್ಕೆ 5,76,000 ವೃತ್ತಾಂತಗಳಾದವು. ಕಾರಕೂನನ ಕೈಬರಹಕ್ಕೆ ಇದು ಸಾಗದೆಂಬುದು ಸ್ಪಷ್ಟ.

ಇಲ್ಲಿ ಒಂದು ಭ್ರಮೆಯನ್ನು ಕಳೆಯಬೇಕು. ಈ ಸಂಖ್ಯೆಯು ನಮಗೆ ದೊಡ್ಡದಾಗಿ ಕಂಡರೂ ಸೆಕೆಂಡಿಗೆ ಏಳಕ್ಕಿಂತಲೂ ಕಡಿಮೆ. ಇಷ್ಟನ್ನು ಎಣಿಸಲು ಒಂದೇ ಸಾಧಾರಣ ಗಣಕಯಂತ್ರವು ಸಾಕು. ಯಂತ್ರಸಮೂಹವು ಹುಟ್ಟಿದುದು ಬೇರೆ ಅವಶ್ಯಕತೆಯಿಂದ. ಅಮೇರಿಕೆಯ ಲಿಂಕ್ಡ್‌ಇನ್ ಸಂಸ್ಥೆಯಲ್ಲಿ ಜೇ ಕ್ರೆಪ್ಸ್, ನೇಹಾ ನಾರಖೇಡೆ, ಜುನ್ ರಾವ್ ಎಂಬವರು ರಚಿಸಿ 2011 ರಲ್ಲಿ ಲೋಕಕ್ಕೆ ತೆರೆದಿಟ್ಟ ಕಾಫ್ಕಾ ಎಂಬ ವ್ಯವಸ್ಥೆಯು ಅಪಾರವಾದ ವೃತ್ತಾಂತಗಳಿಗಾಗಿ ಮಾಡಿದ್ದು. ಮಳೆಯ ಲೆಕ್ಕಕ್ಕೆ ಸಮೂಹವು ಬೇಕಾಗುವದು ಪ್ರಮಾಣದ ಸಲುವಾಗಿಯಲ್ಲ. ನಡುರಾತ್ರಿ ಹೊಳೆ ಏರುತ್ತಿರುವಾಗ ಒಂದು ಯಂತ್ರವು ಕೆಟ್ಟರೆ ಲೆಕ್ಕವು ನಿಲ್ಲಬಾರದೆಂಬ ಸಲುವಾಗಿ. ಪ್ರಯೋಜನವನ್ನು ತಿಳಿಯದೆ ಮಾದರಿಯ ಸಂಖ್ಯೆಗಳನ್ನು ಎತ್ತಿಕೊಂಡರೆ, ಒಂಟೆಯ ಪಲ್ಲಣವನ್ನು ಎತ್ತಿಗೆ ಹೇರಿದಂತಾಗುವದು.

ಕಾಫ್ಕಾ ಎಂಬುದು ಪ್ರಾಗ್ ನಗರದ ಪ್ರಸಿದ್ಧ ಕಥೆಗಾರನ ಹೆಸರು. ಬರೆಯುವದರಲ್ಲಿ ಚತುರವಾದ ವ್ಯವಸ್ಥೆಗೆ ಬರಹಗಾರನ ಹೆಸರೆಂದು ಕ್ರೆಪ್ಸನು ಇಟ್ಟನಂತೆ. ಆ ಕಥೆಗಾರನು ಹೊಟ್ಟೆಪಾಡಿಗೆ ಕಾರ್ಮಿಕರ ಅಪಘಾತವಿಮೆಯ ಕಚೇರಿಯಲ್ಲಿ ಕಾಗದಪತ್ರಗಳನ್ನು ನೋಡುತ್ತಿದ್ದನೆಂಬುದು ಈ ಹೆಸರಿಗೆ ಇನ್ನೊಂದು ಔಚಿತ್ಯವನ್ನು ಕೊಡುವದು. ಈ ವ್ಯವಸ್ಥೆಯ ಸ್ವರೂಪವನ್ನು ತಿಳಿಯಲು ಬೈಲಹೊಂಗಲದ ಅಡತಿ ಅಂಗಡಿಗಿಂತ ಬೇರೆ ಶಾಲೆ ಬೇಡ. ಅಲ್ಲಿ ಎರಡು ಪುಸ್ತಕಗಳು. ರೋಜುಕಿರ್ದಿಯಲ್ಲಿ ವ್ಯವಹಾರವು ನಡೆದ ಕ್ರಮದಲ್ಲಿ ಒಂದರ ಕೆಳಗೊಂದು ಬರೆಯುವರು. ಅಳಿಸುವದಿಲ್ಲ, ನಡುವೆ ತುರುಕುವದಿಲ್ಲ. ತಪ್ಪಾದರೆ ಕೆಳಗೆ ತಿದ್ದುಪಡಿಯ ಇನ್ನೊಂದು ಸಾಲು. ಖತಾವಣಿಯಲ್ಲಿ ಆ ಸಾಲುಗಳನ್ನೇ ಹೆಸರುಹೆಸರಿಗೆ ವಿಂಗಡಿಸಿ ಬಾಕಿಯನ್ನು ತೆಗೆಯುವರು. ಖತಾವಣಿಯು ಸುಟ್ಟುಹೋದರೆ ಕಿರ್ದಿಯಿಂದ ಮತ್ತೆ ಬರೆಯಬಹುದು. ಕಿರ್ದಿಯು ಹೋದರೆ ಅಂಗಡಿಯೇ ಹೋಯಿತು. ಕಾಫ್ಕಾ ಎಂಬುದು ಕಿರ್ದಿ. ಅದನ್ನು ಓದುತ್ತ ಮೊತ್ತವನ್ನು ಕಟ್ಟುವ ಫ್ಲಿಂಕ್ ಮುಂತಾದವು ಖತಾವಣಿ. ಫ್ಲಿಂಕ್ ಎಂದರೆ ಜರ್ಮನ ಭಾಷೆಯಲ್ಲಿ ಚುರುಕು. ಬರ್ಲಿನ್ನಿನ ವಿಶ್ವವಿದ್ಯಾಲಯದ ಸಂಶೋಧನೆಯೊಂದರಿಂದ ಹೊರಟು 2014 ರಲ್ಲಿ ಈ ಹೆಸರನ್ನು ಪಡೆಯಿತು.

ಒಂದು ಕಿರ್ದಿಯನ್ನು ಅನೇಕ ಕಿರ್ದಿಗಳಾಗಿ ಹಂಚಿದರೆ ಅನೇಕ ಯಂತ್ರಗಳು ಏಕಕಾಲದಲ್ಲಿ ಬರೆಯಬಹುದು. ಆದರೆ ಕ್ರಮವು ಉಳಿಯುವದು ಒಂದೊಂದು ಕಿರ್ದಿಯ ಒಳಗೆ ಮಾತ್ರ. ಎರಡು ಕಿರ್ದಿಗಳ ಸಾಲುಗಳಲ್ಲಿ ಯಾವುದು ಮೊದಲೆಂದು ಯಾರೂ ಹೇಳಲಾರರು. ಯಾವ ವೃತ್ತಾಂತವು ಯಾವ ಕಿರ್ದಿಗೆ ಹೋಗಬೇಕೆಂಬುದನ್ನು ಒಂದು ಕೀಲಿಪದವು ನಿರ್ಣಯಿಸುವದು. ತಾಲೂಕಿನ ಹೆಸರೇ ಕೀಲಿಪದವಾಗಲೆಂದು ಮೊದಲು ಯಾರಿಗಾದರೂ ತೋರುವದು. ಸರಕಾರದ ಪತ್ರವ್ಯವಹಾರವೆಲ್ಲವೂ ಹಾಗೆಯೇ ಇರುವದು. ಲೇಖನದ ಆದಿಯಲ್ಲಿ ಹೇಳಿದ ಇತಿಹಾಸವನ್ನು ಈಗ ನೆನೆಯಬೇಕು. ಸಂಪಗಾಂವವೂ ಬೈಲಹೊಂಗಲವೂ ಒಂದೇ ಎಂಬುದು ಯಂತ್ರಕ್ಕೆ ತಿಳಿಯದು. ಕಿತ್ತೂರು ಬೇರೆಯಾದ ದಿನ ಮಲಪ್ರಭೆಯ ದಂಡೆಯ ಎಂ.ಕೆ. ಹುಬ್ಬಳ್ಳಿಯ ಅಂಕಗಳು ಒಂದು ಕಿರ್ದಿಯಿಂದ ಇನ್ನೊಂದಕ್ಕೆ ಹಾರುವವು. ಹಿಂದಿನದು ಅಲ್ಲಿ, ಮುಂದಿನದು ಇಲ್ಲಿ. ಆದುದರಿಂದ ಸ್ಥಿರವಾದ ಮಾಪಕದ ಸಂಖ್ಯೆಯೇ ಕೀಲಿಪದವಾಗಬೇಕು. ತಾಲೂಕು ಅದರ ವಿಶೇಷಣವಾಗಿ, ಕಾಲಾವಧಿಯೊಡನೆ, ಬೇರೆ ಪಟ್ಟಿಯಲ್ಲಿರಬೇಕು. ಕಿರ್ದಿಗಳ ಒಟ್ಟು ಸಂಖ್ಯೆಯನ್ನು ನಡುವೆ ಹೆಚ್ಚಿಸಿದರೂ ಇದೇ ಅನರ್ಥವು ಸಂಭವಿಸುವದು. ಕೀಲಿಪದವನ್ನು ಆ ಸಂಖ್ಯೆಯಿಂದ ಭಾಗಿಸಿ ಉಳಿದ ಶೇಷದಂತೆ ಸ್ಥಾನವನ್ನು ಕೊಡುವದರಿಂದ, ಭಾಜಕವು ಬದಲಾದರೆ ಮನೆಗಳೆಲ್ಲ ಬದಲಾಗುವವು. ಸಂಖ್ಯೆಯನ್ನು ಮೊದಲೇ ತುಸು ಉದಾರವಾಗಿ ಗೊತ್ತುಮಾಡುವದು ಜಾಣತನ.

ಪ್ರತಿಗಳ ವಿಷಯವನ್ನು ಬೇಗ ಮುಗಿಸಬಹುದು. ಒಂದೊಂದು ಕಿರ್ದಿಗೂ ಬೇರೆ ಬೇರೆ ಯಂತ್ರಗಳಲ್ಲಿ ಮೂರು ಪ್ರತಿಗಳನ್ನಿಡುವದು ರೂಢಿ. ಕನಿಷ್ಠ ಎರಡರಲ್ಲಿ ಬರೆದಾದ ಮೇಲೆಯೇ ಕಳಿಸಿದವನಿಗೆ ಮುಟ್ಟಿತೆಂದು ರಸೀದಿಯನ್ನು ಕೊಡಬೇಕೆಂದು ವಿಧಿಸಬಹುದು. ಹಾಗೆ ವಿಧಿಸಿದರೆ ಒಂದು ಯಂತ್ರವು ಕೆಟ್ಟರೂ ಮುಟ್ಟಿದ ವೃತ್ತಾಂತವು ನಷ್ಟವಾಗದು. ಎರಡು ಕೆಟ್ಟರೆ ಹೊಸದನ್ನು ಸ್ವೀಕರಿಸುವದನ್ನೇ ನಿಲ್ಲಿಸುವದು. ಸುಳ್ಳು ರಸೀದಿಗಿಂತ ಇದು ಲೇಸು. ಯಾವ ಪ್ರತಿಯು ಮುಖ್ಯವೆಂಬುದನ್ನು ಬಹುಮತದಿಂದ ನಿರ್ಣಯಿಸುವ ಪಂಚಾಯತಿಯು ಮೊದಲು ಝೂಕೀಪರ್ ಎಂಬ ಬೇರೆ ವ್ಯವಸ್ಥೆಯಲ್ಲಿತ್ತು. 2025 ರಲ್ಲಿ ಬಂದ ಕಾಫ್ಕಾದ ನಾಲ್ಕನೆಯ ಆವೃತ್ತಿಯಲ್ಲಿ ಅದನ್ನು ಕೈಬಿಟ್ಟು ತನ್ನೊಳಗೇ ಇಟ್ಟುಕೊಂಡಿರುವದು. ಪಂಚರ ಸಂಖ್ಯೆಯು ಬೆಸವಾಗಿರಲೆಂಬುದಕ್ಕೆ ಕಾರಣವನ್ನು ನಮ್ಮ ಹಳ್ಳಿಗರಿಗೆ ಹೇಳಬೇಕಾದುದಿಲ್ಲ.

ಹೆಚ್ಚು ರಸವತ್ತಾದ ಪ್ರಶ್ನೆಯು ಪುನರಾವೃತ್ತಿಯದು. ಮಾಪಕವು ಅಂಕವನ್ನು ಕಳಿಸಿತು. ಕಿರ್ದಿಯಲ್ಲಿ ಬರಹವೂ ಆಯಿತು. ರಸೀದಿಯು ಮಾತ್ರ ದಾರಿಯಲ್ಲಿ ಕಳೆಯಿತು. ಮಾಪಕವು ಮತ್ತೆ ಕಳಿಸುವದು. ಈಗ 12 ಮಿಲಿಮೀಟರ ಎಂಬ ಎರಡು ಸಾಲುಗಳಿವೆ. ಮಳೆಯು 12 ಬಿದ್ದಿತೋ, 24 ಬಿದ್ದಿತೋ? ವೇದಾಂತಪರಿಭಾಷೆಯನ್ನು ಓದಿದವರಿಗೆ ಧಾರಾವಾಹಿಕಬುದ್ಧಿಯ ವಿಚಾರವು ಇಲ್ಲಿ ತಾನಾಗಿಯೇ ನೆನಪಾಗುವದು. ಘಟ, ಘಟ, ಘಟವೆಂದು ಒಂದೇ ಸವನೆ ಜ್ಞಾನವು ಹರಿಯುತ್ತಿರಲು, ಎರಡನೆಯ ಜ್ಞಾನವು ಮೊದಲೇ ತಿಳಿದುದನ್ನು ತಿಳಿಸುವದರಿಂದ ಅದು ಪ್ರಮೆಯಾದೀತೇ ಎಂಬುದು ಪೂರ್ವಪಕ್ಷ. ಕಾಲವೂ ಇಂದ್ರಿಯವೇದ್ಯವಾದುದರಿಂದ ಆಯಾ ಕ್ಷಣದಿಂದ ವಿಶಿಷ್ಟವಾದ ಘಟವೇ ಆಯಾ ಜ್ಞಾನದ ವಿಷಯ, ಆದುದರಿಂದ ಅದು ಹೊಸದೇ ಎಂದು ಧರ್ಮರಾಜಾಧ್ವರೀಂದ್ರರು ಒಂದು ಸಮಾಧಾನವನ್ನು ಹೇಳುವರು. ಘಟಸ್ಫುರಣವಿರುವಷ್ಟು ಕಾಲ ವೃತ್ತಿಯು ಒಂದೇ ಎಂಬುದು ಅವರ ಸಿದ್ಧಾಂತ. ಗಣಕವಿದ್ಯೆಯವರು ಎರಡನ್ನೂ ಬಳಸಿರುವರು. ಮಾಪಕದ ಸಂಖ್ಯೆ, ಅಳೆದ ಕ್ಷಣ ಇವೆರಡೂ ಒಂದೇ ಆದರೆ ಜ್ಞಾನವು ಒಂದೇ, ಎರಡನೆಯ ಸಾಲನ್ನು ಬಿಡು. ಕ್ಷಣವು ಬೇರೆಯಾದರೆ ಅಂಕವು ಒಂದೇ ಆದರೂ ಜ್ಞಾನವು ಬೇರೆ, ಕೂಡಿಸು. ಕ್ಷಣವನ್ನು ಮಾಪಕವೇ ಬರೆದು ಕಳಿಸಬೇಕೆಂಬುದು ಇದರಿಂದ ಸಿದ್ಧವಾಯಿತು. ಮುಟ್ಟಿದ ಹೊತ್ತನ್ನು ಬರೆದರೆ ಎರಡೂ ಬೇರೆಯಾಗಿ ತೋರಿ ಮಳೆಯು ಇಮ್ಮಡಿಯಾಗುವದು. ಇದಕ್ಕಿಂತ ಸುಲಭವಾದ ಉಪಾಯವೂ ಉಂಟು. ಕಳೆದ 15 ನಿಮಿಷಗಳಲ್ಲಿ ಇಷ್ಟು ಎಂದು ಹೇಳಿಸದೆ, 8-30 ರಿಂದ ಈ ವರೆಗೆ ಒಟ್ಟು ಇಷ್ಟು ಎಂದು ಹೇಳಿಸಿದರೆ, ನೂರು ಸಲ ಹೇಳಿದರೂ ಲೆಕ್ಕವು ಕೆಡದು. ನಡುವಿನ ಒಂದು ವೃತ್ತಾಂತವು ಕಳೆದರೂ ಮುಂದಿನದು ಅದನ್ನು ತುಂಬಿಕೊಡುವದು.

ಮೊತ್ತವನ್ನು ಕಟ್ಟುತ್ತಿರುವ ಯಂತ್ರವೇ ಕೆಟ್ಟರೆ? ಆಗಾಗ್ಗೆ ಖತಾವಣಿಯ ನಕಲನ್ನು ತೆಗೆದು ಬೇರೆಡೆ ಇಡಬೇಕು. ಕೆಟ್ಟಾಗ ಆ ನಕಲಿನಿಂದ ಮುಂದಕ್ಕೆ ಕಿರ್ದಿಯನ್ನು ಮತ್ತೆ ಓದಬೇಕು. ಆದರೆ ಅನೇಕ ಯಂತ್ರಗಳ ನಕಲನ್ನು ಏಕಕ್ಷಣದಲ್ಲಿ ತೆಗೆಯುವದು ಹೇಗೆ? ಹರಿವನ್ನು ನಿಲ್ಲಿಸುವಂತಿಲ್ಲ. ಭಾರತದಲ್ಲಿ ಹುಟ್ಟಿ ಮದ್ರಾಸಿನ ಐಐಟಿಯಲ್ಲಿ ಓದಿದ ಕೆ. ಮಣಿ ಚಾಂಡಿಯವರೂ ಲೆಸ್ಲಿ ಲ್ಯಾಂಪೋರ್ಟರೂ 1985 ರಲ್ಲಿ ಇದಕ್ಕೆ ಉತ್ತರವನ್ನು ಕೊಟ್ಟರು. ಆಕಾಶವೆಲ್ಲ ವಲಸೆಯ ಹಕ್ಕಿಗಳಿಂದ ತುಂಬಿರಲು ಒಂದೇ ಛಾಯಾಚಿತ್ರದಲ್ಲಿ ಹಿಡಿಯಲಾಗದೆ ಹಲವರು ಹಲವು ತುಂಡುಗಳನ್ನು ತೆಗೆದು ಜೋಡಿಸುವ ದೃಷ್ಟಾಂತವನ್ನು ಅವರೇ ಕೊಟ್ಟಿರುವರು. ಪ್ರವಾಹದ ನಡುವೆ ಒಂದು ಗುರುತನ್ನು ತೇಲಿಬಿಡುವದು. ಅದು ಯಾವ ಯಂತ್ರವನ್ನು ಹಾಯುವದೋ ಆ ಯಂತ್ರವು ಆಗ ತನ್ನ ನಕಲನ್ನು ಬರೆಯುವದು. ಗುರುತಿನ ಮುಂದಿನದೆಲ್ಲ ನಕಲಿನೊಳಗೆ, ಹಿಂದಿನದೆಲ್ಲ ಹೊರಗೆ. ಫ್ಲಿಂಕ್ ಈ ತತ್ತ್ವವನ್ನೇ ಅನುಸರಿಸುವದು. ನಕಲು ಎಷ್ಟು ಹೊತ್ತಿಗೊಮ್ಮೆ ಎಂಬುದು ವಿನ್ಯಾಸಪತ್ರದ ಒಂದು ಸಾಲು. ನಿಮಿಷಕ್ಕೊಮ್ಮೆಯೆಂದರೆ ಕೆಟ್ಟಾಗ ನಿಮಿಷದ ಮಟ್ಟಿನ ಕೆಲಸವನ್ನು ಮತ್ತೆ ಮಾಡಬೇಕಾಗುವದು, ಅಷ್ಟೆ.

ಇನ್ನು ಮೊದಲಿನ ಪ್ರಶ್ನೆ. ಮಳೆ ಬಿದ್ದ ಕಾಲವು ಒಂದು, ಸುದ್ದಿ ಮುಟ್ಟಿದ ಕಾಲವು ಇನ್ನೊಂದು. ದೂರದೂರದ ಯಂತ್ರಗಳಲ್ಲಿ ಮೊದಲು ಯಾವುದು, ಆಮೇಲೆ ಯಾವುದು ಎಂಬುದನ್ನು ಗಡಿಯಾರವೊಂದರಿಂದಲೇ ಹೇಳಲಾಗದೆಂದು ಲ್ಯಾಂಪೋರ್ಟರು 1978 ರಲ್ಲಿಯೇ ತೋರಿಸಿದ್ದರು. ಪ್ರವಾಹಗಣನೆಯಲ್ಲಿ ಈ ಎರಡು ಕಾಲಗಳ ಭೇದವನ್ನು ಶಾಸ್ತ್ರವಾಗಿ ನಿರೂಪಿಸಿದುದು ಗೂಗಲ್ ಸಂಸ್ಥೆಯ ಟೈಲರ್ ಅಕಿಡಾವ್ ಮೊದಲಾದವರ 2015 ರ ಪ್ರಬಂಧ. ಮುಂಜಾನೆ ಆರು ಗಂಟೆಯ ವರೆಗಿನ ಮಳೆಯ ಮೊತ್ತವನ್ನು ಆರಕ್ಕೇ ಮುಗಿಸಿದರೆ ತಡವಾಗಿ ಬರುವವು ಹೊರಗುಳಿದವು. ಎಂಟರ ವರೆಗೆ ಕಾದರೆ ಮೊತ್ತವು ಪೂರ್ಣವಾಯಿತು, ಆದರೆ ಉಪಯೋಗವು ಕಳೆಯಿತು. ಆದುದರಿಂದ ಇಷ್ಟು ಹೊತ್ತಿನ ವರೆಗಿನ ವೃತ್ತಾಂತಗಳೆಲ್ಲ ಬಂದುವೆಂದು ಭಾವಿಸಬಹುದೆಂಬ ಒಂದು ರೇಖೆಯನ್ನು ಯಂತ್ರವು ಮುಂದೆ ಮುಂದೆ ಸರಿಸುತ್ತಿರುವದು. ಅದಕ್ಕೆ ವಾಟರ್‌ಮಾರ್ಕ್ ಎಂದು ಹೆಸರು. ಸೇತುವೆಯ ಕಂಬದ ಮೇಲಿನ ನೀರ್ಗುರುತೆಂದು ನಾವು ಹೇಳಬಹುದು. ರೇಖೆಯು ದಾಟಿದ ಮೇಲೆ ಬಂದವುಗಳನ್ನು, ಬೇರೆ ವಿಧಿಯಿಲ್ಲದಿದ್ದರೆ, ಫ್ಲಿಂಕ್ ಸದ್ದಿಲ್ಲದೆ ಬಿಟ್ಟುಬಿಡುವದು. ಶಿಷ್ಯನ ಪತ್ರದಲ್ಲಿ ಯಾರೂ ನಿರ್ಣಯಿಸದೆ ಉಳಿದಿದ್ದ ಸಂಖ್ಯೆಯು ಈ ರೇಖೆಯದು.

ಇದರಲ್ಲಿ ಮೌನದ ತೊಡಕು ಸೇರಿದಾಗ ವಿಷಯವು ಮತ್ತೂ ಸೂಕ್ಷ್ಮವಾಗುವದು. ಅನೇಕ ಕಿರ್ದಿಗಳಿರುವಲ್ಲಿ ಎಲ್ಲಕ್ಕೂ ಹಿಂದಿರುವ ಕಿರ್ದಿಯ ರೇಖೆಯೇ ಸಮಸ್ತದ ರೇಖೆ. ಒಂದು ಕಿರ್ದಿಯು ಪೂರ್ತಿಯಾಗಿ ಮೌನವಾದರೆ ಇಡೀ ಸೀಮೆಯ ಲೆಕ್ಕವು ಅಲ್ಲಿಯೇ ನಿಲ್ಲುವದು; ಒಬ್ಬ ಕುಲಕರ್ಣಿಯ ಕಾಗದವು ಬರಲಿಲ್ಲವೆಂದು ಮಾಮಲೇದಾರನು ಇಡೀ ತಾಲೂಕಿನ ತಖ್ತೆಯನ್ನು ತಡೆದಂತೆ. ಅದಕ್ಕಾಗಿ, ಇಷ್ಟು ಹೊತ್ತು ಮೌನವಿದ್ದರೆ ಅದನ್ನು ಲೆಕ್ಕದಿಂದ ಬಿಟ್ಟು ಮುಂದೆ ಸಾಗು ಎಂಬ ಸಾಲನ್ನು ಬರೆಯಬೇಕಾಗುವದು. ಆದರೆ ಒಂದು ಕಿರ್ದಿಯಲ್ಲಿ ಬರೆಯುವ ಹಲವು ಮಾಪಕಗಳೊಳಗೆ ಒಂದೇ ಮೌನವಾದರೆ ಆಗುವದು ಇದಕ್ಕೆ ವಿಪರೀತ. ಉಳಿದವುಗಳ ಅಂಕಗಳು ರೇಖೆಯನ್ನು ಮುಂದೆ ಎಳೆದೊಯ್ಯುವವು. ಮೌನವಾಗಿದ್ದುದು ಕೊನೆಗೆ ಕೂಡಿಟ್ಟಿದ್ದ ಅಂಕಗಳನ್ನು ಕಳಿಸಿದಾಗ ಅವೆಲ್ಲ ತಡವೆಂದು ತ್ಯಕ್ತವಾಗುವವು.

ಮೌನಕ್ಕೆ ಅರ್ಥವೇನು? ಅಂಕವು ಬರಲಿಲ್ಲವೆಂಬುದರಿಂದ ಮಳೆಯಿಲ್ಲವೆಂದು ತಿಳಿಯಬಹುದೇ? ಅಭಾವವನ್ನು ತಿಳಿಸಲು ಅನುಪಲಬ್ಧಿಯೆಂಬ ಆರನೆಯ ಪ್ರಮಾಣವನ್ನು ಭಾಟ್ಟರೂ ಅದ್ವೈತಿಗಳೂ ಒಪ್ಪುವರು. ಆದರೆ ಕಾಣದಿರುವದೆಲ್ಲವೂ ಅಭಾವಕ್ಕೆ ಪ್ರಮಾಣವಲ್ಲ. ಇದ್ದಿದ್ದರೆ ಕಾಣುತ್ತಿತ್ತು ಎಂದು ಹೇಳಬಲ್ಲಲ್ಲಿ ಮಾತ್ರ ಕಾಣದಿರುವದು ಅಭಾವವನ್ನು ತಿಳಿಸುವದು. ಬೆಳಕಿರುವ ಕೋಣೆಯಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆಯಿಲ್ಲ. ಕತ್ತಲೆಯಲ್ಲಿ ಕಾಣದಿದ್ದರೆ ಏನನ್ನೂ ಹೇಳುವಂತಿಲ್ಲ. ಇದೇ ಯೋಗ್ಯಾನುಪಲಬ್ಧಿ. ಬೇಸಗೆಯ ಮಧ್ಯಾಹ್ನ ಸುಸ್ಥಿತಿಯಲ್ಲಿರುವ ಮಾಪಕವು ಸೊನ್ನೆಯೆಂದು ಕಳಿಸಿದರೆ ಬೆಳಕಿನ ಕೋಣೆ. ಖಾನಾಪುರ ತಾಲೂಕಿನ ಕಣಕುಂಬಿಯ ಕಾಡಿನಲ್ಲಿ, ಮಲಪ್ರಭೆಯು ಹುಟ್ಟುವ ಜಾಗದಲ್ಲಿ, ಮಳೆಗಾಳಿಗೆ ಸಂಪರ್ಕವು ಕಡಿದು ಮಾಪಕವು ಮೌನವಾದರೆ ಅದು ಕತ್ತಲೆಯ ಕೋಣೆ. ಅಲ್ಲಿಯ ಮೌನವನ್ನು ಸೊನ್ನೆಯೆಂದು ಬರೆಯುವ ಯಂತ್ರವು ಪ್ರಮಾಣಶಾಸ್ತ್ರದ ಮೊದಲನೆಯ ಪಾಠದಲ್ಲಿಯೇ ತಪ್ಪಿತು. ಆದುದರಿಂದ ಮಳೆಯಿಲ್ಲದಾಗಲೂ ಸೊನ್ನೆಯನ್ನು ಕಳಿಸಲೇಬೇಕು. ಸೊನ್ನೆಗೂ ಖಾಲಿಗೂ ದಫ್ತರದಲ್ಲಿ ಬೇರೆ ಬೇರೆ ಚಿಹ್ನೆಗಳಿರಬೇಕು. ಮೊತ್ತದೊಡನೆ ಎಷ್ಟು ಮಾಪಕಗಳು ಮಾತನಾಡಿದುವೆಂಬ ಸಂಖ್ಯೆಯೂ ಹೋಗಬೇಕು.

ಇದು ಬರಿಯ ಶಾಸ್ತ್ರಚರ್ಚೆಯೆಂದು ಯಾರೂ ಎಣಿಸದಿರಲಿ. ಕಣಕುಂಬಿಯ ಕಡೆಯಿಂದ ಬಂದ ನೀರು ಎಂ.ಕೆ. ಹುಬ್ಬಳ್ಳಿಯನ್ನು ದಾಟಿ ಸವದತ್ತಿಯ ಬಳಿಯ ನವಿಲುತೀರ್ಥದ ಜಲಾಶಯವನ್ನು ಸೇರುವದು. ಅಲ್ಲಿಂದ ಬಿಟ್ಟುದು ರಾಮದುರ್ಗದ ಮೇಲೆ ಹಾಯ್ದು ಕೂಡಲಸಂಗಮದತ್ತ ಹೋಗುವದು. 2019 ರ ಆಗಸ್ಟಿನ ಮಹಾಪೂರದಲ್ಲಿ ರಾಮದುರ್ಗದ ತಗ್ಗಿನ ಓಣಿಗಳಲ್ಲಿ ಹೊಳೆಯು ಮನೆಹೊಕ್ಕಿತು. ಮೇಲಿನ ಮಳೆಯ ಲೆಕ್ಕಕ್ಕಾಗಿ ಕಾಯುವ ಒಂದೊಂದು ಗಳಿಗೆಯೂ ಕೆಳಗಿನ ಓಣಿಯವರು ಗಂಟುಮೂಟೆ ಕಟ್ಟುವ ಗಳಿಗೆಯಿಂದ ಕಳೆಯತಕ್ಕದ್ದು. ಅಲ್ಲಿಗೆ ಅರ್ಧ ಮಾಪಕಗಳ ಅಪೂರ್ಣ ಮೊತ್ತವೇ ಬೇಗ ಹೋಗಬೇಕು. ಇತ್ತ ಹವಾಮಾನಾಧಾರಿತ ಬೆಳೆವಿಮೆಯಲ್ಲಿ ತೋಟದ ಬೆಳೆಯ ರೈತನಿಗೆ ಸಿಗುವ ಪರಿಹಾರವು ಇದೇ ಮಾಪಕಗಳ ಅಂಕಗಳ ಮೇಲೆ ನಿಂತಿದೆ. ಅಲ್ಲಿ ಅವಸರವಿಲ್ಲ, ತಡವಾಗಿ ಬಂದ ಒಂದು ಅಂಕವನ್ನು ಬಿಟ್ಟರೆ ಒಬ್ಬನ ವರ್ಷದ ಅನ್ನವು ಹೋಗುವದು. ವಾರವಾದರೂ ಕಾಯಬೇಕು.

ಮೊದಲು ಅಪೂರ್ಣವಾದುದನ್ನು ಹೇಳಿ ಆಮೇಲೆ ತಿದ್ದಿದರಾಗದೇ ಎಂದು ಕೇಳುವವರುಂಟು. ಅಕಿಡಾವ್ ಮೊದಲಾದವರೂ ಈ ದಾರಿಯನ್ನು ತೋರಿಸಿರುವರು: ಬೇಗ ಒಂದು ಮೊತ್ತ, ರೇಖೆಯು ದಾಟಿದಾಗ ಇನ್ನೊಂದು, ತಡವಾದವು ಬಂದಂತೆ ತಿದ್ದುಪಡಿ. ಆದರೆ ತಿದ್ದುಪಡಿಯು ಯಂತ್ರದಲ್ಲಿ ಸುಲಭ, ಲೋಕದಲ್ಲಿ ಕಷ್ಟ. ಬಿಟ್ಟ ನೀರನ್ನು ಜಲಾಶಯಕ್ಕೆ ಮರಳಿ ತುಂಬಲಾಗದು. ಹಂಚಿದ ಹಣವನ್ನು ಮರಳಿ ಕೇಳಲಾಗದು. ಆದುದರಿಂದ ಒಂದೇ ಕಿರ್ದಿಯಿಂದ ಎರಡು ಖತಾವಣಿಗಳನ್ನು ಕಟ್ಟಬೇಕೆಂದು ನನಗೆ ತೋರುವದು. ಎಚ್ಚರಿಕೆಯ ಖತಾವಣಿಯು ಕೆಲವೇ ನಿಮಿಷ ಕಾಯಲಿ, ಮೌನದ ಮಾಪಕಗಳ ಪಟ್ಟಿಯನ್ನು ತನ್ನೊಡನೆ ಹೊತ್ತೊಯ್ಯಲಿ. ವಿಮೆಯ ಖತಾವಣಿಯು ದಿನಗಟ್ಟಲೆ ಕಾಯಲಿ, ತಡವಾದುದನ್ನು ಬಿಡದೆ ಬೇರೆ ಪುಟದಲ್ಲಾದರೂ ಬರೆದಿಡಲಿ. ಕಿರ್ದಿಯನ್ನು ಅಳಿಸದೆ ಇಡುವ ಪದ್ಧತಿಯ ಮುಖ್ಯ ಲಾಭವು ಇದೇ. ಎರಡನೆಯ ಓದುಗನು ಬಂದರೆ ಮೊದಲಿನವನಿಗೆ ತೊಡಕಿಲ್ಲ.

ಈ ಮಾತುಗಳೆಲ್ಲ ನಮ್ಮ ಜಗಲಿಯ ಮೇಲೆ ಎರಡು ಸಂಜೆ ನಡೆದುವು. ವಿನ್ಯಾಸಪತ್ರದಲ್ಲಿ ಸಾಲಿನ ಆದಿಗೆ ಒಂದು ಚಿಹ್ನೆಯನ್ನಿಟ್ಟರೆ ಆ ಸಾಲನ್ನು ಯಂತ್ರವು ಓದುವದಿಲ್ಲವೆಂದೂ, ಮನುಷ್ಯರ ಸಲುವಾಗಿ ಏನನ್ನಾದರೂ ಬರೆದಿಡಲು ಅದು ಇರುವದೆಂದೂ ಶಿಷ್ಯನು ಮಾತಿನ ನಡುವೆ ಹೇಳಿದನು. ಹಾಗಾದರೆ ಭಾಷ್ಯಕ್ಕೆ ಸ್ಥಳವು ಮೊದಲಿನಿಂದಲೂ ಇತ್ತು, ಬರೆಯುವವರು ಇರಲಿಲ್ಲವೆಂದಾಯಿತು. ಬೆಂಗಳೂರಿಗೆ ಮರಳಿದ ಮೇಲೆ ಅವನು ತನ್ನ ಪತ್ರದ ಆ ಸಂಖ್ಯೆಯ ಮೇಲೆ ಕನ್ನಡದಲ್ಲಿಯೇ ಎರಡು ಸಾಲುಗಳನ್ನು ಸೇರಿಸಿ ನನಗೆ ಕಳಿಸಿದನು: ಇಷ್ಟು ಹೊತ್ತು ಏಕೆ, ಇದಕ್ಕಿಂತ ತಡವಾದುದು ಎಲ್ಲಿಗೆ ಹೋಗುವದು, ನಿರ್ಣಯಿಸಿದವರು ಯಾರು, ಯಾವ ತಾರೀಖು. ತಾರೀಖಿನ ಮುಂದೆ ಅದು ಭಾರತದ ಕಾಲವೆಂದು ಬರೆಯುವದನ್ನೂ ಮರೆತಿರಲಿಲ್ಲ.